ಜರಡಿಯ ಮುಂದಿನ ಗಾಳಿ

ನಿಪ್ಪಾಣಿಯ ತಂಬಾಕಿಗೆ ಲೆಕ್ಕ ಇಟ್ಟವರು ಬಹಳ ಮಂದಿ. 1943ರಲ್ಲಿ ಬ್ರಿಟಿಷ್ ಸರಕಾರ ತಂಬಾಕಿನ ಮೇಲೆ ಅಬಕಾರಿ ಸುಂಕ ಹೇರಿತು. ಬಿಳಿಯರು ಹೋದರು, ಸುಂಕ ಉಳಿಯಿತು. 1979ರಲ್ಲಿ ಕಚ್ಚಾ ತಂಬಾಕಿನ ಮೇಲಿನ ಸುಂಕ ರದ್ದಾಗುವ ತನಕ ರೈತನ ಹೊಲದಿಂದ ಸಾಹುಕಾರನ ವಖಾರಿಯವರೆಗೆ ಸರಕಾರದ ಕಣ್ಣು ಈ ಎಲೆಯ ಮೇಲೇ ಇತ್ತು. ಎಷ್ಟು ಚೀಲ ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು, ಎಲ್ಲವನ್ನೂ ಬರೆದಿಟ್ಟರು. ವಖಾರಿಯ ದಿವಾನಜಿಯೂ ತನ್ನ ಕಿರ್ದಿಯಲ್ಲಿ ಮಾಲೆಷ್ಟು, ಕಡ್ಡಿ ಎಷ್ಟು, ಪುಡಿ ಎಷ್ಟು ಎಂದು ಬೇರೆ ಬೇರೆ ಬರೆದ. ಆ ಪುಡಿಯಲ್ಲಿ ಜರಡಿ ಹಿಡಿದ ಹೆಣ್ಣುಮಗಳ ಎದೆಯೊಳಗೆ ಹೋದದ್ದು ಎಷ್ಟು? ಇದನ್ನು ಬರೆಯುವ ಕಿರ್ದಿ ಸರಕಾರದ ಹತ್ತಿರವೂ ಇರಲಿಲ್ಲ, ಸಾಹುಕಾರನ ಹತ್ತಿರವೂ ಇರಲಿಲ್ಲ.

ನಾವು ಇಲ್ಲಿ ಬರೆಯಹೊರಟದ್ದು ಈ ಬರೆಯದ ಲೆಕ್ಕದ ಇತಿಹಾಸ. ಇಂದು ಕಂಪ್ಯೂಟರಿನಲ್ಲಿ ಒಂದು ಕಾರ್ಖಾನೆಯನ್ನೇ ಕಟ್ಟಿ, ಅದರಲ್ಲಿ ಧೂಳು ಹಾರಿಸಿ, ಬೆಂಕಿ ಹಚ್ಚಿ, ಆಳುಗಳನ್ನು ಓಡಾಡಿಸಿ, ಎಲ್ಲಿ ಅಪಾಯ ಇದೆ ಎಂದು ಮೊದಲೇ ನೋಡುವ ವಿದ್ಯೆ ಬಂದಿದೆ. ಅದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ದುಡಿಯುವವರ ಸುರಕ್ಷತೆಯ ನಿರ್ಧಾರಗಳಿಗೆ ಇದು ದೊಡ್ಡ ಆಧಾರ ಎಂದು ಜಗತ್ತಿನಲ್ಲೆಲ್ಲ ಮಾತು ನಡೆದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ದುಡಿಯುವ ಮಂದಿಗೆ ಈ ವಿದ್ಯೆಯಿಂದ ಏನು ಸಿಗಬಹುದು? ಇದನ್ನು ತಿಳಿಯಬೇಕಾದರೆ ನಮ್ಮ ಸೀಮೆಯಲ್ಲಿ ಇದುವರೆಗೆ ಯಾರ ಲೆಕ್ಕ ನಡೆಯಿತು ಎಂಬುದನ್ನು ಮೊದಲು ನೋಡಬೇಕು.

*

ವೇದಗಂಗಾ, ದೂಧಗಂಗಾ ನದಿಗಳ ದಂಡೆಯ ಕಪ್ಪು ನೆಲದಲ್ಲಿ ಬೀಡಿ ತಂಬಾಕು ಹುಲುಸಾಗಿ ಬೆಳೆಯಿತು. ಪುಣೆ–ಬೆಂಗಳೂರು ರಸ್ತೆಯ ಮೇಲಿದ್ದ ನಿಪ್ಪಾಣಿ ಅದರ ಪೇಟೆಯಾಯಿತು. ಪೇಟೆಯ ಸುತ್ತ ವಖಾರಿಗಳು ಎದ್ದವು. ಒಣಗಿದ ಎಲೆಯನ್ನು ಬಡಿಯುವುದು, ಕಡ್ಡಿ ಆರಿಸುವುದು, ಚಾಳಣಿಯಲ್ಲಿ ಸೋಸುವುದು, ಮಾಲನ್ನು ದರ್ಜೆ ದರ್ಜೆಯಾಗಿ ಬೇರೆ ಮಾಡುವುದು, ಇದಿಷ್ಟೂ ಹೆಣ್ಣುಮಕ್ಕಳ ಕೈಕೆಲಸ. ಬಂದವರಲ್ಲಿ ದಲಿತ ಕೇರಿಯವರು, ಮುಸಲ್ಮಾನರ ಓಣಿಯವರು, ಹೊಲ ಇಲ್ಲದ ಮನೆಗಳವರು ಬಹಳ. ಕನ್ನಡ, ಮರಾಠಿ ಎರಡೂ ಆಡುವ ಬಾಯಿಗಳು. ಗಡಿ ಯಾವ ರಾಜ್ಯಕ್ಕೆ ಸೇರಬೇಕು ಎಂದು ಮೇಲಿನವರು ಬಡಿದಾಡುತ್ತಿದ್ದಾಗ ಇವರು ಎರಡೂ ಭಾಷೆಯಲ್ಲಿ ಕೆಮ್ಮುತ್ತಿದ್ದರು.

ಈ ನೆಲಕ್ಕೆ ಇನ್ನೊಂದು ನೆನಪೂ ಇದೆ. 1925ರ ಏಪ್ರಿಲ್‌ನಲ್ಲಿ ಇದೇ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆಯಿತು. ಅಧ್ಯಕ್ಷತೆ ವಹಿಸಿದವರು ಬಾಬಾಸಾಹೇಬ ಅಂಬೇಡ್ಕರ್. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷ ಇತ್ತು. ಮುಂದೆ 1942ರಿಂದ 1946ರವರೆಗೆ ಅವರು ವೈಸರಾಯನ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಖಾನೆಯ ದುಡಿಮೆ ವಾರಕ್ಕೆ 48 ತಾಸಿಗೆ ಇಳಿದದ್ದು ಅವರು ಮಂಡಿಸಿದ 1946ರ ತಿದ್ದುಪಡಿಯಿಂದ. 1942ರ ಆಗಸ್ಟ್‌ನಲ್ಲಿ ದಿಲ್ಲಿಯಲ್ಲಿ ಸರಕಾರ, ಮಾಲಕರು, ಕಾರ್ಮಿಕರು ಮೂವರನ್ನೂ ಒಂದೇ ಕಡೆ ಕೂಡಿಸಿದ ಸಮ್ಮೇಳನದ ಅಧ್ಯಕ್ಷರೂ ಅವರೇ. ದುಡಿಯುವವನ ವಿಷಯ ನಿರ್ಧಾರವಾಗುವ ಜಾಗದಲ್ಲಿ ದುಡಿಯುವವನೂ ಕೂತಿರಬೇಕು ಎಂಬ ತತ್ವವನ್ನು ಈ ಬರಹದ ಕೊನೆಯಲ್ಲಿ ನಾವು ಮತ್ತೆ ಹಿಡಿಯುತ್ತೇವೆ.

*

ವಖಾರಿಯ ಹೆಣ್ಣುಮಕ್ಕಳು ಲೆಕ್ಕ ಕೇಳಲು ಎದ್ದು ನಿಂತದ್ದು 1970ರ ದಶಕದ ಕೊನೆಗೆ. ಪ್ರೊ. ಸುಭಾಷ ಜೋಶಿಯವರ ಜೊತೆಯಲ್ಲಿ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಅವರು ಸಂಘಟಿತರಾದರು. ಪಗಾರ, ಕೆಲಸದ ತಾಸು, ಮುಕಾದಮನ ಬೈಗುಳ ಮತ್ತು ಕೈ, ಇವೆಲ್ಲ ಬೀದಿಯ ಮಾತಾದವು. ಮರಾಠಿಯ ಅನಿಲ ಅವಚಟರು ಇಲ್ಲಿಗೆ ಬಂದು ನೋಡಿ ಬರೆದರು. 1982ರಲ್ಲಿ ಯುಗಾಂತರ್ ಎಂಬ ಹೆಣ್ಣುಮಕ್ಕಳ ಚಿತ್ರ ತಂಡ ಇವರ ಮೇಲೆ ‘ತಂಬಾಕು ಚಾಕೀಲ ಊಬ ಆಲಿ’ ಎಂಬ ಚಿತ್ರ ಮಾಡಿತು. ಅದರ ಹಿಂದಿನ ವರ್ಷವೇ ತಂಬಾಕಿನ ಬೆಲೆಗಾಗಿ ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ಹೆದ್ದಾರಿಯಲ್ಲಿ ಕೂತಿದ್ದರು. 1981ರ ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ಮಂದಿ ರೈತರು ಸತ್ತರು.

ಗುಂಡಿಗೆ ಸತ್ತವರನ್ನು ಎಣಿಸಬಹುದು, ಅವರ ಹೆಸರಿನ ಕಲ್ಲು ನಿಲ್ಲಿಸಬಹುದು. ಧೂಳಿಗೆ ಸತ್ತವರನ್ನು ಎಣಿಸುವುದು ಹೇಗೆ? ‘ಅಕ್ಕಗ ದಮ್ಮಿತ್ತು, ಹೋದ್ಲು’ ಅನ್ನುತ್ತಾರೆ. ‘ವಯಸ್ಸಾಗಿತ್ತು ಬಿಡ್ರಿ’ ಅನ್ನುತ್ತಾರೆ. ಅವಳು 20 ವರ್ಷ ಯಾವ ಜರಡಿಯ ಮುಂದೆ ಕೂತಿದ್ದಳು ಎಂದು ಸಾವಿನ ದಾಖಲೆಯಲ್ಲಿ ಯಾರೂ ಬರೆಯುವುದಿಲ್ಲ.

ವಿಜ್ಞಾನ ಕಣ್ಣುಮುಚ್ಚಿ ಕೂತಿತ್ತು ಎಂದಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 1970ರ ದಶಕದಲ್ಲೇ ತಂಬಾಕಿನ ಹೊಲದಲ್ಲಿ ದುಡಿಯುವವರನ್ನು ಪರೀಕ್ಷೆ ಮಾಡಿದ್ದರು. ಹಸಿ ಎಲೆ ಮುಟ್ಟಿದ ಕೈಯ ಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ ಎಂಬುದು ತಿಳಿದಿತ್ತು. ಮುಂದೆ 1990ರ ದಶಕದಲ್ಲಿ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೀಡಿ ತಂಬಾಕು ಸಂಸ್ಕರಿಸುವ ಕೆಲಸಗಾರರ ರಕ್ತ, ಮೂತ್ರ ಪರೀಕ್ಷಿಸಿದರು. ನಿಕೋಟಿನ್ ಒಳಹೋದ ಗುರುತು ಮೂತ್ರದಲ್ಲಿ ಸಿಕ್ಕಿತು, ರಕ್ತದ ಕೋಶಗಳ ವರ್ಣತಂತುಗಳಲ್ಲಿ ಹೆಚ್ಚಿನ ಒಡಕು ಕಂಡಿತು. ಆದರೆ ಕೆಲಸಗಾರರ ಪರಿಹಾರ ಕಾಯಿದೆಯ ರೋಗಗಳ ಪಟ್ಟಿ ತೆಗೆದು ನೋಡಿರಿ. ಹತ್ತಿಯ ಧೂಳಿನ ರೋಗಕ್ಕೆ ಅಲ್ಲಿ ಹೆಸರಿದೆ, ಕಬ್ಬಿನ ಸಿಪ್ಪೆಯ ಧೂಳಿನ ರೋಗಕ್ಕೂ ಹೆಸರಿದೆ. ತಂಬಾಕಿನ ಧೂಳಿನ ಹೆಸರು ಕಾಣುವುದಿಲ್ಲ.

*

ಕಾಯಿದೆ ಗಾಳಿಯನ್ನು ಹೇಗೆ ಹಂಚಿತು ಎಂಬುದನ್ನೂ ನೋಡೋಣ. 1948ರ ಕಾರ್ಖಾನೆ ಕಾಯಿದೆ ಹೊಸ ಕಾರ್ಖಾನೆಯಲ್ಲಿ ಪ್ರತಿ ಕೆಲಸಗಾರನಿಗೆ 500 ಘನ ಅಡಿ, ಅಂದರೆ 14.2 ಘನ ಮೀಟರ್ ಜಾಗ ಕೊಟ್ಟಿತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಬಂತು. ಅದು ಬೀಡಿ ಕೆಲಸಗಾರಳಿಗೆ ಕೊಟ್ಟದ್ದು ನಾಲ್ಕೂಕಾಲು ಘನ ಮೀಟರ್. ಅದೇ ದೇಶ, ಅದೇ ಸಂಸತ್ತು, ಅದೇ ಮನುಷ್ಯರ ಪುಪ್ಪುಸ. ಬೀಡಿ ಕಟ್ಟುವವಳಿಗೆ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಗಾಳಿ ಸಾಕೆಂದು ಯಾವ ಡಾಕ್ಟರ್ ಹೇಳಿದ? ಊರಿನ ಬಾವಿ ನೀರಿಗೆ ಶ್ರೇಣಿ ಹಚ್ಚಿದ ಸಮಾಜ ವಖಾರಿಯ ಗಾಳಿಗೂ ಶ್ರೇಣಿ ಹಚ್ಚಿತು ಎಂದರೆ ನಮ್ಮ ಮಾತು ಹೆಚ್ಚಾಯಿತೇ?

ಇಷ್ಟನ್ನಾದರೂ ಮಾಲಕರು ಸುಮ್ಮನೆ ಒಪ್ಪಲಿಲ್ಲ. ಕೋರ್ಟಿಗೆ ಹೋದರು. 1974ರಲ್ಲಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ಕೆಲಸಗಾರಳೇ ಎಂಬುದು ಗಟ್ಟಿಯಾಯಿತು. ಆದರೂ ಗಾಳಿ, ಬೆಳಕು, ಜಾಗದ ಷರತ್ತುಗಳು ಮಾಲಕನ ಕಟ್ಟಡಕ್ಕೆ ಮಾತ್ರ. ಕೆಲಸವನ್ನು ಮನೆಗೆ ಅಟ್ಟಿದರೆ ಧೂಳೂ ಮನೆಗೆ ಹೋಯಿತು, ಕಾಯಿದೆ ಮಾತ್ರ ಹೊಸ್ತಿಲ ಹೊರಗೆ ನಿಂತಿತು. ತೊಟ್ಟಿಲಿನ ಕೂಸೂ ಅದೇ ಗಾಳಿ ಕುಡಿಯಿತು.

*

ಈಗ ಸಿಮ್ಯುಲೇಶನ್ ಎಂಬುದರ ಹುಟ್ಟನ್ನು ನೋಡೋಣ. ಅದು ದುಡಿಯುವವರ ಕಾಳಜಿಯಿಂದ ಹುಟ್ಟಿದ್ದಲ್ಲ. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬು ಮಾಡಿದ ಗಣಿತಜ್ಞರಲ್ಲಿ ಒಬ್ಬ ಸ್ಟಾನಿಸ್ಲಾವ್ ಉಲಾಮ್. 1946ರಲ್ಲಿ ಕಾಯಿಲೆ ಬಿದ್ದು ಎದ್ದವನು ಒಬ್ಬನೇ ಕೂತು ಇಸ್ಪೀಟು ಆಡುತ್ತಿದ್ದ. ಆಟ ಗೆಲ್ಲುವ ಸಂಭವ ಎಷ್ಟೆಂದು ಸೂತ್ರದಿಂದ ತೆಗೆಯಲು ಬರಲಿಲ್ಲ. ನೂರು ಸಲ ಆಡಿ, ಎಷ್ಟು ಸಲ ಗೆದ್ದೆ ಎಂದು ಎಣಿಸಿದರೆ ಆಯಿತಲ್ಲ ಎಂದು ಹೊಳೆಯಿತು. ಜಾನ್ ವಾನ್ ನ್ಯೂಮನ್ ಅದನ್ನು ಹೊಸದಾಗಿ ಬಂದಿದ್ದ ಕಂಪ್ಯೂಟರಿಗೆ ಹಚ್ಚಿದ. ಮಾಂಟೆ ಕಾರ್ಲೊ ಎಂಬ ಜೂಜಿನ ಊರಿನ ಹೆಸರು ಅದಕ್ಕೆ ಬಿತ್ತು. 1950ರ ದಶಕದಲ್ಲಿ ಇಂಗ್ಲೆಂಡಿನ ಉಕ್ಕಿನ ಕಂಪನಿಯಲ್ಲಿ ಟೋಚರ್ ಎಂಬವನು ಇಡೀ ಕಾರ್ಖಾನೆಯ ಕೆಲಸವನ್ನೇ ಯಂತ್ರದೊಳಗೆ ನಡೆಸಿ ನೋಡಿದ. ಅಲ್ಲಿಯೂ ಉದ್ದೇಶ ಉತ್ಪಾದನೆಯೇ. ದುಡಿಯುವವರ ಸುರಕ್ಷತೆಗೆ ಈ ವಿದ್ಯೆ ತಿರುಗಿದ್ದು ಆಮೇಲೆ.

ಹೆಸರು ದೊಡ್ಡದು, ವಿಷಯ ಸರಳ. ‘ಹಿಂಗ ಮಾಡಿದರ ಏನಾದೀತು, ಹಂಗ ಮಾಡಿದರ ಏನಾದೀತು’ ಎಂದು ನಮ್ಮ ಅವ್ವಂದಿರು ಒಲೆಯ ಮುಂದೆ ಕೇಳಿಕೊಳ್ಳುವ ಪ್ರಶ್ನೆ ಇದು. ಮನುಷ್ಯರ ಮೇಲೆ ಪ್ರಯೋಗ ಮಾಡದೆ, ಅಂಕಿಗಳ ಮೇಲೆ ಪ್ರಯೋಗ ಮಾಡುವುದು.

ಒಂದು ವಖಾರಿಯ ಲೆಕ್ಕ ಹಾಕಿಯೇ ಬಿಡೋಣ. ಈ ಅಂಕಿಗಳು ಲೆಕ್ಕಕ್ಕೆಂದು ನಾವು ಹಿಡಿದವು, ಯಾವ ವಖಾರಿಯಲ್ಲೂ ಅಳೆದವಲ್ಲ. ಉದ್ದ 20 ಮೀಟರ್, ಅಗಲ 10, ಎತ್ತರ 5. ಒಳಗಿರುವ ಗಾಳಿ 1000 ಘನ ಮೀಟರ್. ಹತ್ತು ಜರಡಿ ನಡೆದಿವೆ. ಒಂದೊಂದು ಜರಡಿ ತಾಸಿಗೆ 2 ಗ್ರಾಂ ಸಣ್ಣ ಧೂಳು ಏಳಿಸುತ್ತದೆ, ಒಟ್ಟು 20 ಗ್ರಾಂ. ಕಿಟಕಿ ಮುಚ್ಚಿವೆ. ‘ಕಿಟಕಿ ತೆಗದರ ಮಾಲು ಹಾರತೈತಿ’ ಅನ್ನುತ್ತಾನೆ ಸಾಹುಕಾರ. ಸಂದಿಗೊಂದಿಯಿಂದ ತಾಸಿಗೆ ಎರಡು ಸಲ ಗಾಳಿ ಬದಲಾಗುತ್ತದೆ ಎನ್ನೋಣ, 2000 ಘನ ಮೀಟರ್. 20 ಗ್ರಾಂ ಧೂಳನ್ನು 2000 ಘನ ಮೀಟರಿಗೆ ಹಂಚಿದರೆ ಘನ ಮೀಟರಿಗೆ 10 ಮಿಲಿಗ್ರಾಂ. ಎಂಟು ತಾಸು ದುಡಿಯುವವಳು ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾಳೆ. ದಿನಕ್ಕೆ 100 ಮಿಲಿಗ್ರಾಂ ಧೂಳು. ವರ್ಷಕ್ಕೆ 300 ದಿನದಂತೆ 20 ವರ್ಷ ದುಡಿದರೆ 6000 ದಿನ, 600 ಗ್ರಾಂ. ಒಳಹೋದದ್ದೆಲ್ಲ ಅಲ್ಲೇ ಕೂಡುವುದಿಲ್ಲ, ಕೆಮ್ಮಿ ಉಗುಳಿದ್ದೂ ಇರುತ್ತದೆ. ಆದರೂ ಅರ್ಧ ಕಿಲೋಗಿಂತ ಹೆಚ್ಚು ಧೂಳು ಆ ಎದೆಯ ಬಾಗಿಲು ದಾಟಿ ಹೋಗಿರುತ್ತದೆ.

ಈಗ ‘ಹಿಂಗ ಮಾಡಿದರ’ ಎಂದು ಕೇಳೋಣ. ಮೂಗಿಗೆ ಸೆರಗು ಕಟ್ಟಿಕೊಂಡಳು. ಅರಿವೆ ಕಾಲು ಭಾಗ ಧೂಳು ತಡೆಯಿತು ಎಂದೇ ಇಟ್ಟುಕೊಂಡರೂ 450 ಗ್ರಾಂ. ಕಿಟಕಿ ತೆಗೆದು ಫ್ಯಾನು ಹಚ್ಚಿ ತಾಸಿಗೆ ಆರು ಸಲ ಗಾಳಿ ಬದಲಾಯಿಸಿದರೆ 200 ಗ್ರಾಂ. ಅದರ ಮೇಲೆ ಜರಡಿಗೆ ಮುಚ್ಚಳ ಹಾಕಿ ಏಳುವ ಧೂಳನ್ನೇ ಅರ್ಧಕ್ಕೆ ಇಳಿಸಿದರೆ 100 ಗ್ರಾಂ. ಇಷ್ಟೇ ನೋಡಿರಿ ಸಿಮ್ಯುಲೇಶನ್ನಿನ ತಿರುಳು. ಕಂಪ್ಯೂಟರ್ ಇದನ್ನೇ ಸಾವಿರಾರು ಸಲ ಮಾಡುತ್ತದೆ. ಒಂದು ದಿನ ಗಾಳಿ ಬಿದ್ದಿರುತ್ತದೆ, ಒಂದು ದಿನ ಎಲೆ ಹೆಚ್ಚು ಒಣಗಿರುತ್ತದೆ. ಆ ಏರುಪೇರುಗಳನ್ನೆಲ್ಲ ಪಗಡೆಯ ದಾಳದ ಹಾಗೆ ಉರುಳಿಸಿ ಲೆಕ್ಕ ತೆಗೆಯುತ್ತದೆ.

ಈ ಲೆಕ್ಕ ಹೇಳಿದ ರಾಜಕೀಯ ಏನು? ಮಾಲಕನಿಗೆ ಎಲ್ಲಕ್ಕಿಂತ ಅಗ್ಗದ್ದು ಸೆರಗು, ಯಾಕೆಂದರೆ ಅದು ಅವಳದೇ. ಎಲ್ಲಕ್ಕಿಂತ ಕಡಿಮೆ ಉಪಯೋಗದ್ದೂ ಅದೇ. ‘ಮಾಸ್ಕ್ ಕೊಟ್ಟೀವಲ್ಲ, ಅವರs ಹಾಕ್ಕೊಳ್ಳೂದಿಲ್ಲ’ ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಧೂಳನ್ನು ಹುಟ್ಟುವಲ್ಲೇ ಹಿಡಿ, ಆಮೇಲೆ ಗಾಳಿ ಬಿಡು, ಮೂಗು ಮುಚ್ಚುವುದು ಕೊನೆಗೆ ಎಂಬುದು ಸುರಕ್ಷತಾ ಶಾಸ್ತ್ರದ ಮೊದಲ ಪಾಠ. ನಮ್ಮಲ್ಲಿ ಕೊನೆಯದರಿಂದ ಶುರುಮಾಡಿ ಅಲ್ಲಿಗೇ ಮುಗಿಸುತ್ತಾರೆ.

*

ಆದರೆ ಮೇಲಿನ ಲೆಕ್ಕದಲ್ಲಿ ಒಂದು ದೊಡ್ಡ ಸುಳ್ಳು ಅಡಗಿದೆ. ಧೂಳು ಇಡೀ ವಖಾರಿಯಲ್ಲಿ ಸಮನಾಗಿ ಹರಡಿದೆ, ಎಲ್ಲರೂ ಒಂದೇ ಗಾಳಿ ಉಸಿರಾಡುತ್ತಾರೆ ಎಂದು ಅದು ಹಿಡಿದಿದೆ. ಇದು ಹೇಗೆ ಸಾಧ್ಯ? ದಿವಾನಜಿ ಬಾಗಿಲ ಹತ್ತಿರ ಗಾದಿಯ ಮೇಲೆ ಕೂತಿರುತ್ತಾನೆ. ಅವಳು ಜರಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾಳೆ, ಮೂಗಿನಿಂದ ಒಂದು ಮೊಳ ದೂರದಲ್ಲಿ ಧೂಳು ಏಳುತ್ತದೆ. ಸರಾಸರಿ 10 ಇದ್ದಾಗ ಬಾಗಿಲಲ್ಲಿ 5, ಜರಡಿಯ ಮುಂದೆ 30 ಇರಬಹುದು. ಆಗ ಅವಳ 20 ವರ್ಷದ ಪಾಲು 600 ಗ್ರಾಂ ಅಲ್ಲ, 1800 ಗ್ರಾಂ. ಬಲ್ಲ ವಿಜ್ಞಾನಿಗಳಿಗೆ ಇದು ಗೊತ್ತು. ಅದಕ್ಕೇ ಅವರು ಧೂಳಿನ ಹತ್ತಿರದ ಗಾಳಿ, ದೂರದ ಗಾಳಿ ಎಂದು ಎರಡು ಭಾಗ ಮಾಡಿ ಲೆಕ್ಕ ಹಾಕುತ್ತಾರೆ.

ಊರಿಗೊಂದು ಸರಾಸರಿ ಹೇಳಿ ಕೇರಿಯನ್ನು ಮುಚ್ಚಿಡುವುದು ನಮಗೆ ಹೊಸತಲ್ಲ. ಜರಡಿಯ ಮುಂದೆ ಯಾರು ಕೂತರು, ಬಾಗಿಲ ಹತ್ತಿರ ಯಾರು ಕೂತರು ಎಂಬುದನ್ನು ಗಾಳಿ ನಿರ್ಧರಿಸಲಿಲ್ಲ, ಜಾತಿ ಮತ್ತು ಬಡತನ ನಿರ್ಧರಿಸಿದವು. ಈ ಸತ್ಯವನ್ನು ಕಂಪ್ಯೂಟರಿಗೆ ಹೇಳುವವರು ಯಾರು? ಹೇಳದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಎಷ್ಟು ದೊಡ್ಡ ಯಂತ್ರವಾದರೂ ಅದು ಹಾಕಿದ್ದನ್ನೇ ಬೀಸುವ ಗಿರಣಿ.

ಧೂಳಿನ ಲೆಕ್ಕದಲ್ಲಿ ಕಂಡದ್ದೇ ಕಬ್ಬಿನ ಸರದಿಯಲ್ಲೂ ಕಾಣುತ್ತದೆ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ. ಆಮೇಲೆ ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದಲ್ಲೆಲ್ಲ ಕಾರ್ಖಾನೆಗಳು ಎದ್ದವು. ಹಂಗಾಮಿನಲ್ಲಿ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಕಡಿದ ಕಬ್ಬು ತಾಸು ಕಳೆದಂತೆ ಸಕ್ಕರೆ ಅಂಶ ಕಳೆದುಕೊಳ್ಳುತ್ತದೆ. ಹಾಗಾಗಿ ಆಸ್ಟ್ರೇಲಿಯಾ, ಬ್ರೆಜಿಲ್, ಥಾಯ್ಲೆಂಡ್ ದೇಶಗಳಲ್ಲಿ ಸಿಮ್ಯುಲೇಶನ್ ಮಾಡಿ ಈ ಸಾಲನ್ನು ಸಣ್ಣದು ಮಾಡುವ ದಾರಿ ಹುಡುಕಿದ್ದಾರೆ. ಕಬ್ಬು ಎಷ್ಟು ತಾಸು ಬಿಸಿಲಲ್ಲಿ ನಿಂತಿತು, ಗಿರಣಿ ಎಷ್ಟು ತಾಸು ಖಾಲಿ ನಿಂತಿತು ಎಂದು ಆ ಲೆಕ್ಕ ಹೇಳುತ್ತದೆ. ಅದೇ ಲೆಕ್ಕಕ್ಕೆ ಇನ್ನೊಂದು ಸಾಲು ಕೂಡಿಸಿದರೆ ಚಾಲಕ ಎಷ್ಟು ತಾಸು ನಿದ್ದೆಗೆಟ್ಟ ಎಂಬುದೂ ಸಿಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಬಸುರಿ ಹೆಣ್ಣುಮಗಳು ಎಷ್ಟು ಹೊರೆ ಹೊತ್ತಳು ಎಂಬುದೂ ಸಿಗುತ್ತದೆ. ಕೂಡಿಸಲು ಯಂತ್ರಕ್ಕೆ ತೊಂದರೆ ಇಲ್ಲ. ಕೂಡಿಸು ಎಂದು ಹೇಳುವ ಮನಸ್ಸು ಬೇಕು.

ಅಥಣಿಯ ಸಮಗಾರ ಕೇರಿಯದು ಇನ್ನೊಂದು ಕತೆ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಗೂ ಅದರಲ್ಲಿ ಪಾಲು ಬಂತು. ಚಪ್ಪಲಿಗೆ ಗುರುತು ಸಿಕ್ಕಿತು. ಸುಣ್ಣದ ನೀರಿನಲ್ಲಿ ಚರ್ಮ ಹದಮಾಡಿದ ಕೈಗೆ, ಬಗ್ಗಿ ಹೊಲಿದ ಬೆನ್ನಿಗೆ ಯಾವ ಗುರುತೂ ಸಿಗಲಿಲ್ಲ. ಮನೆಯೇ ಕಾರ್ಖಾನೆಯಾದಲ್ಲಿ ಅಳತೆಗೋಲು ಒಳಗೆ ಬರುವುದಿಲ್ಲ.

*

ಹಾಗಾದರೆ ಈ ವಿದ್ಯೆಯನ್ನು ದೂರ ಇಡಬೇಕೇ? ಇಡಬಾರದು ಎಂದು ನಮ್ಮ ನಿಲುವು. ಕೆನಡಾದ ವೆಸ್ಟ್‌ರೇ ಕಲ್ಲಿದ್ದಲ ಗಣಿಯಲ್ಲಿ 1992ರ ಮೇ 9ರಂದು ಸ್ಫೋಟವಾಗಿ 26 ಮಂದಿ ಸತ್ತರು. 2003ರಲ್ಲಿ ಡೇವಿಡ್ ಕುಕ್ ಎಂಬ ಸಂಶೋಧಕ ಆ ದುರಂತದ ಸಿಮ್ಯುಲೇಶನ್ ಪ್ರಕಟಿಸಿದ. ಉತ್ಪಾದನೆಯ ಒತ್ತಡ ಏರಿದಂತೆ ಸುರಕ್ಷತೆ ಹೇಗೆ ದಿನದಿನಕ್ಕೆ ಕರಗಿತು ಎಂಬುದನ್ನು ಅದು ತೋರಿಸಿತು. ‘ಯಾರೋ ಒಬ್ಬನ ನಿಷ್ಕಾಳಜಿ’ ಎಂದು ಕೈತೊಳೆದುಕೊಳ್ಳುವ ದಾರಿ ಅದರಿಂದ ಮುಚ್ಚುತ್ತದೆ. ವ್ಯವಸ್ಥೆಯೇ ಕೊಲ್ಲುತ್ತದೆ ಎಂದು ನಾವು ಭಾಷಣದಲ್ಲಿ ಹೇಳುವುದನ್ನು ಅಂಕಿಯಲ್ಲಿ ತೋರಿಸುವ ಶಕ್ತಿ ಈ ವಿದ್ಯೆಗಿದೆ. ಅದನ್ನು ಮಾಲಕರ ಕೈಗೇ ಬಿಟ್ಟುಕೊಡುವುದು ಮೂರ್ಖತನ.

ಅದರ ಇನ್ನೊಂದು ಮುಖವನ್ನೂ ನೋಡಿದ್ದೇವೆ. 2020ರ ಕೊರೊನಾ ಕಾಲದಲ್ಲಿ ದೇಶದ ತುಂಬ ಮಾಡೆಲ್ ಎಂಬ ಮಾತು ಕೇಳಿತು. ಸೋಂಕು ಎಷ್ಟು ಏರುತ್ತದೆ, ಎಂದು ಇಳಿಯುತ್ತದೆ ಎಂದು ಗೆರೆ ಎಳೆದರು. ಊರಿನ ದಾರಿ ಹಿಡಿದು ನಡೆದ ಕೂಲಿಕಾರರ ಕಾಲುಗಳು ಆ ಗೆರೆಗಳಲ್ಲಿ ಇರಲಿಲ್ಲ.

ಈಗ ಕಾಯಿದೆಯೂ ಬದಲಾಗಿದೆ. 1984ರ ಭೋಪಾಲದ ಹೆಣಗಳ ರಾಶಿ ನೋಡಿದ ಮೇಲೆ 1987ರಲ್ಲಿ ಕಾರ್ಖಾನೆ ಕಾಯಿದೆ ತಿದ್ದಿ, ವಿಷದ ಮಿತಿ, ಸುರಕ್ಷತಾ ಸಮಿತಿ, ಅಪಾಯ ಕಂಡರೆ ಎಚ್ಚರಿಸುವ ಕೆಲಸಗಾರನ ಹಕ್ಕು ಇವನ್ನು ಸೇರಿಸಿದ್ದರು. ಕಾರ್ಖಾನೆ ಕಾಯಿದೆ, ಬೀಡಿ ಕಾಯಿದೆ ಎಲ್ಲವನ್ನೂ ನುಂಗಿದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಮೊದಲು ವಿದ್ಯುತ್ ಇದ್ದಲ್ಲಿ 10 ಜನ, ಇಲ್ಲದಲ್ಲಿ 20 ಜನ ಇದ್ದರೆ ಅದು ಕಾರ್ಖಾನೆ. ಈಗ 20 ಮತ್ತು 40 ಜನ ಬೇಕು. ಸಣ್ಣ ವಖಾರಿಯ ಹೆಣ್ಣುಮಕ್ಕಳು ಒಂದು ಅಂಕಿಯ ಬದಲಾವಣೆಯಿಂದ ಕಾರ್ಖಾನೆಯ ಲೆಕ್ಕದ ಹೊರಗೆ ಬೀಳುತ್ತಾರೆ. ಧೂಳಿಗೆ ಈ ಅಂಕಿ ಗೊತ್ತಿಲ್ಲ. ಅದು 19 ಮಂದಿಯ ಎದೆಯನ್ನೂ ಹೊಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ತಂಬಾಕಿನ ವಖಾರಿಗಳಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ, ಚರ್ಮದ ಕೇರಿಯಲ್ಲಿ, ಕಬ್ಬಿನ ಸಾಲಿನಲ್ಲಿ ಮೊದಲು ಅಳತೆ ನಡೆಯಲಿ. ಅಳತೆಯ ಪೆಟ್ಟಿಗೆ ಬಾಗಿಲಲ್ಲಿ ಬೇಡ, ಜರಡಿಯ ಮುಂದೆ ಅವಳ ಮೂಗಿನ ಹತ್ತಿರ ಇರಲಿ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಅಲ್ಲಿನ ಮಕ್ಕಳು ಕಂಪ್ಯೂಟರಿನಲ್ಲಿ ವಖಾರಿ ಕಟ್ಟಲಿ. ಕಟ್ಟುವಾಗ 1942ರ ಸಮ್ಮೇಳನದಂತೆ ಮೂರೂ ಕಡೆಯವರು ಕೂಡಲಿ. ಯಾವ ಹೊತ್ತಿಗೆ ಧೂಳು ಹೆಚ್ಚು, ಯಾವ ಮಾಲು ಕೆಟ್ಟದ್ದು, ಮುಚ್ಚಳ ಹಾಕಿದರೆ ಕೈ ಆಡುತ್ತದೋ ಇಲ್ಲವೋ ಎಂಬುದನ್ನು ಬಲ್ಲವಳು ಅವಳೊಬ್ಬಳೇ. ಉತ್ತರವನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಅವಳ ಮುಂದೆ ಓದಲಿ. ಖರ್ಚು ಎಷ್ಟು ಎಂದು ಮಾಲಕ ಕೇಳಿದರೆ, ಕಿಟಕಿಗೆ ಎಷ್ಟು, ಫ್ಯಾನಿಗೆ ಎಷ್ಟು, ಮುಚ್ಚಳಕ್ಕೆ ಎಷ್ಟು ಎಂದು ಬರೆಯಲಿ. ಅದರ ಎದುರಿಗೆ ಒಂದು ಎದೆಗೆ ಎಷ್ಟು ಎಂದು ಅವನ ಕೈಯಿಂದಲೇ ಬರೆಸಲಿ.

ಯಂತ್ರ ಬರುವ ತನಕ ಕಾಯುವ ಕಾರಣವೂ ಇಲ್ಲ. ಕಿಟಕಿ ತೆರೆಯಲು ಕಂಪ್ಯೂಟರ್ ಬೇಡ. ಅದನ್ನು ಹೆಣ್ಣುಮಕ್ಕಳು ಎಂದೋ ಹೇಳಿದ್ದಾರೆ. ಕೇಳಿಸಿಕೊಳ್ಳದ ಕಿವಿಗೆ ಅಂಕಿಯ ಮೂಲಕ ಹೇಳುವುದು ಈಗ ನಮ್ಮ ಮುಂದಿರುವ ಕೆಲಸ.